ಮಾರವ್ವನ ಮೇಲೆ ಕೈ ಎತ್ತದ ಮನೆ

೨೦೨೪ನೆಯ ಇಸವಿ ನವೆಂಬರ್ ೨೪, ಭಾನುವಾರ. ಕ್ರೋಧಿ ಸಂವತ್ಸರ, ಕಾರ್ತಿಕ ಬಹುಳ ನವಮಿ. ನಮ್ಮ ಪಂಚಾಂಗದ ಪ್ರಕಾರ ಶರದೃತು ಮುಗಿಯಲು ಇನ್ನೂ ಒಂದು ವಾರ ಬಾಕಿಯಿತ್ತು. ಬಂಗಾಳಿಗಳ ಲೆಕ್ಕದಲ್ಲಿ ಹೇಮಂತ ಆಗಲೇ ಕಾಲಿಟ್ಟಾಗಿತ್ತು. ಬೆಳಿಗ್ಗೆ ರೈಲು ಹಳಿಗಳ ಮೇಲೆ ಮಂಜೋ ಹೊಗೆಯೋ ಎಂದು ಹೇಳಲಾಗದ ಒಂದು ತೆಳು ಪರದೆ ಇಳಿಬಿದ್ದಿತ್ತು. ಹನ್ನೊಂದರ ಹೊತ್ತಿಗೆ ಅದು ಹರಿದು, ಒಣ ಬಿಸಿಲು ಬಂದು, ಉತ್ತರದ ಗಾಳಿ ಸಣ್ಣಗೆ ಬೀಸತೊಡಗಿತ್ತು.

ಕಲ್ಕತ್ತೆಯ ಲೇಕ್ ಗಾರ್ಡನ್ಸ್ ರೈಲು ನಿಲ್ದಾಣಕ್ಕೆ ಬೆನ್ನು ಕೊಟ್ಟು ನಿಂತ ನಾಲ್ಕಂತಸ್ತಿನ ಕಟ್ಟಡದ ಎರಡನೆಯ ಮಹಡಿಯಲ್ಲಿ ಸುಭದ್ರಾ ಊಟದ ಪಾತ್ರೆಗಳನ್ನು ತೆಗೆದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಹಾಲಿಗೆ ಬಂದರು. ಟಿವಿಯ ಎಡಮಗ್ಗುಲಿಗೆ ಅವರ ಬೆತ್ತದ ಕುರ್ಚಿ. ಅದರಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಕೂರಬಾರದೆಂದು ಯಾರೂ ಹೇಳಿದ್ದಿಲ್ಲ, ಆದರೂ ಕೂರುತ್ತಿರಲಿಲ್ಲ. ಒಂಬತ್ತು ವರ್ಷಗಳಿಂದ ಅದು ವ್ಯಾಖ್ಯಾನದ ಕುರ್ಚಿ.

ಅಂದು ಆ ಕುರ್ಚಿಯನ್ನು ರಂಜಿತ್ ಎತ್ತಿ ಗೋಡೆಯ ಬದಿಗೆ ಇಟ್ಟಿದ್ದ.

"ಆಂಟಿ, ಇವತ್ತು ನೀವು ಸೋಫಾ ಮೇಲೆ ಆರಾಮಾಗಿ ಕೂತ್ಕೊಳಿ. ಸ್ಪೀಕರ್ ಇಡೋಕೆ ಜಾಗ ಬೇಕಿತ್ತು. ಗೇಮಿನ ಎರಡನೇ ಪಾರ್ಟ್‌ನಲ್ಲಿ ಎಲ್ಲರೂ ಬಾಯಿಬಿಟ್ಟೇ ಮಾತಾಡ್ತಾರೆ. ಓದೋ ಹಾಗಿಲ್ಲ, ಅರ್ಥ ಹೇಳೋ ಹಾಗಿಲ್ಲ. ನೀವೂ ಒಂದಿನ ನೋಡಿ ಮಜಾ ಮಾಡಿ."

ರಂಜಿತ್ ಬೆಂಗಳೂರಿನ ಹುಡುಗ. ಐಟಿ ಕಂಪನಿಗಳಿರುವ ಸೆಕ್ಟರ್ ಫೈವ್‌ನಲ್ಲಿ ಉದ್ಯೋಗ, ವಯಸ್ಸು ಇಪ್ಪತ್ತೊಂಬತ್ತು. ಮೂರು ವರ್ಷಗಳಿಂದ ಭಾನುವಾರ ತಪ್ಪಿಸಿದವನಲ್ಲ. ಕೆಟ್ಟ ಮನಸ್ಸಿನಿಂದ ಅವನು ಕುರ್ಚಿ ಎತ್ತಿರಲಿಲ್ಲ. ಹೊಸ ವಿಡಿಯೋ ಗೇಮಿನ ಡಿಸ್ಕ್ ತಟ್ಟೆಯನ್ನು ಬಿಡುಗಡೆಯಾದ ವಾರವೇ ತರಿಸಿ, ಜೊತೆಗೆ ಚಳಿಗಾಲದ ಹೊಸ ಬೆಲ್ಲದ ಸಂದೇಶ ಎಂಬ ಬಂಗಾಳಿ ಸಿಹಿಯನ್ನೂ ಕಟ್ಟಿಸಿಕೊಂಡು, ಹಬ್ಬಕ್ಕೆ ಬರುವವನಂತೆ ಬಂದಿದ್ದ. ಸುಭದ್ರಾ ಗೋಡೆಯ ಬದಿಯ ಕುರ್ಚಿಯನ್ನು ನೋಡಿದರು. ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂರುವಂತೆ, ಬೆನ್ನು ತಾಗಿಸದೆ ಕುಳಿತರು.

ಅವರು ಹೀಗೆ ಕುಳಿತದ್ದು ಏಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಭದ್ರಾ ಹುಟ್ಟಿದ್ದು ೧೯೬೪ರ ಮಾರ್ಚ್ ೯ರಂದು, ಮೈಸೂರು ಜಿಲ್ಲೆಯ ಕೃಷ್ಣರಾಜನಗರದಲ್ಲಿ. ತಂದೆ ನರಹರಿ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯರು. ಸಂಜೆಯ ಹೊತ್ತು ಗಮಕಿಗಳು. ಗಮಕದಲ್ಲಿ ಒಬ್ಬರು ಹಳೆಯ ಕಾವ್ಯವನ್ನು ರಾಗವಾಗಿ ವಾಚಿಸಿ ನಿಲ್ಲಿಸುತ್ತಾರೆ. ಇನ್ನೊಬ್ಬರು ಅದರ ಅರ್ಥವನ್ನು ಸಭೆಗೆ ಬಿಡಿಸಿ ಹೇಳುತ್ತಾರೆ. ನರಹರಿಗಳು ವಾಚನಕ್ಕೆ ಕುಳಿತರೆ ವ್ಯಾಖ್ಯಾನಕ್ಕೆ ಹದಿನಾಲ್ಕನೆಯ ವಯಸ್ಸಿನಿಂದ ಮಗಳೇ. ಹೆಣ್ಣುಮಗು ಹಾಡಲಿ, ಮಾತೇಕೆ ಎಂದು ಊರಿನ ಹಿರಿಯರು ಮೂಗು ಮುರಿದಾಗ ನರಹರಿಗಳು, "ವಾಚನಕ್ಕೆ ಗಂಟಲು ಸಾಕು, ವ್ಯಾಖ್ಯಾನಕ್ಕೆ ಗುಂಡಿಗೆ ಬೇಕು. ಗುಂಡಿಗೆ ಇರೋದು ಇವಳಿಗೆ," ಎಂದಿದ್ದರು. ಮಗಳಿಗೆ ಅವರು ಕೊಟ್ಟ ಸೂತ್ರ ಒಂದೇ: ಕವಿ ಬಿಟ್ಟದ್ದನ್ನು ತುಂಬು, ಕವಿ ಇಟ್ಟದ್ದನ್ನು ಕದಿಯಬೇಡ.

೧೯೮೮ರ ಮೇ ತಿಂಗಳಲ್ಲಿ ಮದುವೆಯಾಯಿತು. ಪತಿ ಶ್ಯಾಮಸುಂದರ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ಅದೇ ವರ್ಷದ ಜೂನ್ ೧೭ರ ಶುಕ್ರವಾರ ದಂಪತಿಗಳು ಹೌರಾದಲ್ಲಿ ಇಳಿದರು. ಆ ದಿನದಿಂದ ಸುಭದ್ರಾ ಅವರ ವ್ಯಾಖ್ಯಾನ ನಿಂತಿತು. ನಿಲ್ಲಿಸಿದವರು ಯಾರೂ ಇಲ್ಲ; ಕೇಳುವವರೇ ಇರಲಿಲ್ಲ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳ ಸಮೂಹಗಾಯನಕ್ಕೂ ಊಟಕ್ಕೂ ನಡುವೆ ವ್ಯಾಖ್ಯಾನಕ್ಕೆ ಹತ್ತು ನಿಮಿಷ ಬಿಡುವು ಮಾಡಿಕೊಡಲು ಅವರು ಎರಡು ಸಲ ಕೇಳಿದ್ದರು, ಮೂರನೆಯ ಸಲ ಕೇಳಲಿಲ್ಲ.

ಅದು ಮತ್ತೆ ಶುರುವಾದದ್ದು ೨೦೧೫ರ ಜುಲೈ ೧೨ರಂದು. ೨೦೧೬ ಎಂದು ಶ್ಯಾಮಸುಂದರರು ವಾದಿಸುವುದುಂಟು, ಅದು ತಪ್ಪು. ಮಗಳು ಪೂರ್ವಿಗೆ ಆಗ ಹದಿನೇಳು. ವಿಡಿಯೋ ಗೇಮ್‌ ಯಂತ್ರ ಬೇಕೆಂದು ಹಠ ಹಿಡಿದಿದ್ದಳು. ಶ್ಯಾಮಸುಂದರರು ಸಿಗ್ನಲ್ ವಿಭಾಗದವರಿಗೆ ಸಹಜವಾದ ಒಂದು ನಿಬಂಧನೆ ಹಾಕಿದರು: ಭಾನುವಾರ ಮಾತ್ರ, ಹಾಲಿನಲ್ಲಿ ಮಾತ್ರ, ಎಲ್ಲರ ಕಣ್ಣೆದುರಿಗೆ ಮಾತ್ರ. ಯಂತ್ರದ ಜೊತೆಗೆ ಬಂದ ಆಟದ ಹೆಸರು "ಲ್ಯಾಂಟರ್ನ್ಸ್ ಆಫ್ ವೆಲ್ಮೋರ್". ಸೂರ್ಯ ಹುಟ್ಟುವುದನ್ನೇ ನಿಲ್ಲಿಸಿದ ಒಂದು ರಾಜ್ಯ. ಏಳು ಗೋಪುರಗಳಲ್ಲಿ ದೀಪ ಹಚ್ಚಬೇಕಾದ ಒಬ್ಬ ಹೆಸರಿಲ್ಲದ ಲಾಂದ್ರದವನು. ದಾರಿಯಲ್ಲಿ ಸಿಕ್ಕಿದವರೊಡನೆ ಮಾತು. ಆ ಮಾತೆಲ್ಲ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು, ಗುಂಡಿ ಒತ್ತುವವರೆಗೂ ಅಲ್ಲೇ ಕಾಯುತ್ತಿತ್ತು.

ಸೋಫಾದಲ್ಲಿ ಒರಗಿದ್ದ ಅತ್ತೆ ತುಂಗಮ್ಮನವರು, "ಏನಂತೇ ಅವನಿಗೆ? ರಾತ್ರಿ ಹೊತ್ತು ಒಬ್ಬನೇ ಎಲ್ಲಿಗ್ ಹೊರಟ?" ಎಂದು ಕೇಳಿದರು. ಪೂರ್ವಿ ಪರದೆಯ ಸಾಲನ್ನು ಗಟ್ಟಿಯಾಗಿ ಓದಿ ನಿಲ್ಲಿಸಿದಳು. ಸುಭದ್ರಾ ಅರ್ಥ ಹೇಳಿದರು. ಹೇಳುತ್ತಾ ಹೇಳುತ್ತಾ, ಇದು ಅಪ್ಪನ ಗಮಕ ನಡೆಯುತ್ತಿದ್ದ ಕೃಷ್ಣರಾಜನಗರದ ರಾಮಮಂದಿರದ ಜಗಲಿಯೇ ಎಂಬುದು ಅವರಿಗೆ ತಟಕ್ಕನೆ ಹೊಳೆಯಿತು. ಮಗಳದು ವಾಚನ, ತಾಯಿಯದು ವ್ಯಾಖ್ಯಾನ.

ಆ ಮೇಲೆ ಭಾನುವಾರಗಳಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಹೌರಾದಿಂದ ಶರಣಪ್ಪ ಬರತೊಡಗಿದರು. ಅವರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಧಾರವಾಡ ಕಡೆಯವರು. ತುಂಗಮ್ಮನವರು ೨೦೧೯ರಲ್ಲಿ ತೀರಿಕೊಂಡ ಮೇಲೂ ಕೂಟ ನಿಲ್ಲಲಿಲ್ಲ. ಆಟ ಮುಗಿದರೆ ಮತ್ತೆ ಮೊದಲಿನಿಂದ. ಕಾವ್ಯವನ್ನು ಒಂದೇ ಸಲ ಕೇಳಿ ಎದ್ದುಹೋಗುವವರು ಉಂಟೇ?

ಆ ಕಥೆಯವರಲ್ಲಿ ಕೂಟಕ್ಕೆ ಎಲ್ಲರಿಗಿಂತ ಹೆಚ್ಚು ಬೇಕಾದವಳು ದೋಣಿ ನಡೆಸುವ ಹೆಂಗಸು, ಮಾರಾ. ಈ ಮನೆಯಲ್ಲಿ ಅವಳು ಮಾರವ್ವ. ಗಂಡನನ್ನು ರಾಜನ ಕಡೆಯವರು ಯುದ್ಧಕ್ಕೆ ಎಳೆದೊಯ್ದ ಮೇಲೆ, ಅವನು ಮರಳುವುದಾದರೆ ನದಿಯ ಈ ಕಡವಿನಲ್ಲೇ ಮರಳಬೇಕು ಎಂದು ದೋಣಿ ಬಿಡದೆ ಕೂತವಳು. ಕತ್ತಲಲ್ಲಿ ಮುಖ ಕಾಣದು. ಆದ್ದರಿಂದ ದಾಟಿಸುವ ಪ್ರತಿಯೊಬ್ಬನ ಕೈಯನ್ನೂ ನಾಣ್ಯ ತೆಗೆದುಕೊಳ್ಳುವ ನೆಪದಲ್ಲಿ ಮುಟ್ಟಿ ನೋಡುವವಳು. ಶರಣಪ್ಪನವರು ಹೂಗ್ಲಿ ನದಿ ದಾಟಲು ಲಾಂಚ್ ದೋಣಿ ಹತ್ತುವಾಗಲೆಲ್ಲ, "ಮಾರವ್ವನ ಡ್ಯೂಟಿ ಶುರು ಆತು," ಎಂದೇ ಹತ್ತುತ್ತಿದ್ದರು.

ಇಂಥ ಮನೆಗೆ ರಂಜಿತ್ ಎರಡನೆಯ ಭಾಗವನ್ನು ತಂದದ್ದು.

ಆಟ ಆರಂಭವಾಯಿತು. ಪೂರ್ವಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೈಯಂತ್ರ ಹಿಡಿದಳು. ಲಾಂದ್ರದವನಿಗೆ ಈಗ ಡೇರಿಕ್ ಎಂಬ ಹೆಸರು ಬಂದಿತ್ತು, ಹುರಿಗಟ್ಟಿದ ತೋಳು ಬಂದಿತ್ತು, ಲಾಂದ್ರ ಹೋಗಿ ಎರಡು ಕತ್ತಿ ಬಂದಿತ್ತು. ಅವನು ಬಾಯಿ ಮುಚ್ಚುತ್ತಲೇ ಇರಲಿಲ್ಲ. ತೋಳವನ್ನು ಕೊಂದು ಒಂದು ಹಾಸ್ಯ, ಕಳ್ಳನನ್ನು ಕೊಂದು ಇನ್ನೊಂದು. ಎಲ್ಲಿಗೆ ಹೋಗಬೇಕೆಂದು ಯೋಚಿಸುವ ಗೋಜಿಲ್ಲ; ನೆಲದ ಮೇಲೆ ಹಳದಿ ಬಾಣವೊಂದು ಕೈಹಿಡಿದು ಕರೆದೊಯ್ಯುತ್ತಿತ್ತು. ಗೋಪುರಗಳ ಸುಳಿವಿರಲಿಲ್ಲ. ಊರಿಗೊಬ್ಬ ಸಾಹುಕಾರ, ಅವನಿಗೆ ಇಪ್ಪತ್ತು ತೋಳದ ಚರ್ಮ ಬೇಕು.

"ಏನ್ ಹೇಳ್ದ?" ಎಂದು ಶ್ಯಾಮಸುಂದರರು ಕೇಳಿದರು. ಸುಭದ್ರಾ ಬಾಯಿ ತೆರೆಯುವಷ್ಟರಲ್ಲಿ ಡೇರಿಕ್ ಮುಂದಿನ ಊರಿನಲ್ಲಿದ್ದ.

"ಪೂರ್ವಿ, ಸ್ವಲ್ಪ ನಿಲ್ಲಿಸೇ."

"ನಿಲ್ತಿಲ್ಲ ಅಮ್ಮ. ಡೈಲಾಗ್ ಪಾಜ್ ಆಗೋದೇ ಇಲ್ಲ."

"ಇದು ನಿಲ್ದಾಣವೇ ಇಲ್ಲದ ಎಕ್ಸ್‌ಪ್ರೆಸ್ಸು," ಎಂದರು ಶ್ಯಾಮಸುಂದರರು. "ಗ್ರಾಫಿಕ್ಸ್ ಏನೋ ಚೆನ್ನಾಗಿದೆ. ಹುಲ್ಲು ನೋಡು, ಒಂದೊಂದು ಎಸಳೂ ಬೇರೆ ಬೇರೆ ಅಲ್ಲಾಡ್ತಿದೆ."

"ಹುಲ್ಲು ನೋಡಾಕ ನಾ ಹೌರಾದಿಂದ ಬರಬೇಕೇನ್ರಿ?" ಎಂದರು ಶರಣಪ್ಪ. "ನಮ್ಮ ಮಾರವ್ವ ಎಲ್ಲದಾಳ? ಆಕೀನ್ನ ತೋರ್ಸಪಾ ಮೊದಲ."

ರಂಜಿತನ ಮುಖ ಸ್ವಲ್ಪ ಬಾಡಿತ್ತು. "ಬರ್ತಾಳೆ ಸರ್. ಮೊದಲನೇ ಅಧ್ಯಾಯದ ಕೊನೇಲೇ ಬರ್ತಾಳೆ," ಎಂದ. ಅಂತರ್ಜಾಲದಲ್ಲಿ ಅಷ್ಟನ್ನು ಅವನು ಓದಿಕೊಂಡಿದ್ದ, ಅದರ ಮುಂದಿನದನ್ನು ಓದಿರಲಿಲ್ಲ.

ಬಂದಳು. ಅದೇ ಕಡವು, ಅದೇ ಕಪ್ಪು ನೀರು. ಕೂಟದವರೆಲ್ಲ ನೆಟ್ಟಗಾದರು. ಆದರೆ ದೋಣಿಯಲ್ಲಿ ನಿಂತವಳು ಎದೆಗೆ ಕಬ್ಬಿಣದ ಕವಚ ತೊಟ್ಟಿದ್ದಳು, ಹುಟ್ಟಿನ ತುದಿಗೆ ಭರ್ಜಿಯ ಅಲಗು ಕಟ್ಟಿದ್ದಳು. ಅಟ್ಟಹಾಸ ಮಾಡಿ, ಡೇರಿಕ್‌ನ ತಮ್ಮನನ್ನು ಶತ್ರುಗಳಿಗೆ ಮಾರಿದವಳು ತಾನೇ ಎಂದು ಹೇಳಿಕೊಂಡಳು. ಪರದೆಯ ಮೇಲ್ತುದಿಯಲ್ಲಿ ಅವಳ ಹೆಸರಿನ ಕೆಳಗೆ ಕೆಂಪು ಪಟ್ಟಿಯೊಂದು ಮೂಡಿತು. ಆ ಪಟ್ಟಿ ಖಾಲಿಯಾಗುವವರೆಗೂ ಹೊಡೆಯಬೇಕೆಂಬುದು ಆ ಲೋಕದಲ್ಲಿ ಎಲ್ಲರಿಗೂ ತಿಳಿದ ಸಂಜ್ಞೆ.

ಪೂರ್ವಿಯ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವಳು ತಾಯಿಯ ಕಡೆ ತಿರುಗಿದಳು.

"ಈ ಮನೇಲಿ ಮಾರವ್ವನ ಮೇಲೆ ಯಾರೂ ಕೈ ಎತ್ತಕೂಡದು," ಎಂದರು ಸುಭದ್ರಾ.

ಅಂದು ಅವರು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

"ಆಂಟಿ, ಎತ್ತದಿದ್ರೆ ಅವಳೇ ಹೊಡೀತಾಳೆ."

"ಹೊಡೀಲಿ. ಅವಳ ಕಡವಿಗೆ ಕತ್ತಿ ಹಿಡ್ಕೊಂಡು ಹೋದವರು ನಾವು. ಪೂರ್ವಿ, ಸುಮ್ಮನೆ ನಿಲ್ಲು."

ಪೂರ್ವಿ ನಿಂತಳು. ಮಾರಾ ಎರಡೇ ಏಟಿಗೆ ಡೇರಿಕ್‌ನನ್ನು ಕೆಡವಿದಳು. ಪರದೆ ಕಪ್ಪಾಗಿ, ಆಟ ಅವನನ್ನು ಮತ್ತೆ ಅದೇ ದಡದಲ್ಲಿ ಎಬ್ಬಿಸಿ ನಿಲ್ಲಿಸಿತು. ಮತ್ತೆ ನಿಂತ, ಮತ್ತೆ ಬಿದ್ದ. ಮೂರನೆಯ ಸಲ ಪೂರ್ವಿ ಅವನನ್ನು ಅವಳ ಮುಂದೆ ಮೊಣಕಾಲೂರಿಸಿ ನೋಡಿದಳು. ಮಂಡಿಯ ಮೇಲಿದ್ದವನನ್ನೇ ಅವಳು ಇರಿದಳು. ಅಷ್ಟರಲ್ಲಿ ಬಜ್‌ಬಜ್ ಲೋಕಲ್ ರೈಲು ಹಾದುಹೋಗಿ ಕಿಟಕಿಯ ಗಾಜುಗಳು ಗಡಗಡ ಎಂದವು.

"ಗಾಂಧಿಗಿರಿ ನಡೆದೈತ್ರಿ," ಎಂದು ಶರಣಪ್ಪ ಪಿಸುಗುಟ್ಟಿದರು. "ಆದ್ರ ಎದುರಿನವರಿಗೂ ಸ್ವಲ್ಪ ನಾಚಿಕಿ ಇರಬೇಕಲ್ಲ."

ರಂಜಿತನಿಗೆ ತಡೆಯಲಾಗಲಿಲ್ಲ. "ಆಂಟಿ, ಬೇಜಾರ್ ಮಾಡ್ಕೋಬೇಡಿ, ಒಂದು ಮಾತು ಹೇಳ್ಲಾ? ಮೊದಲನೇ ಗೇಮನ್ನ ನಾನು ನನ್ನ ರೂಮಲ್ಲೂ ಆಡಿದೀನಿ. ಮಾರಾ ಅದರಲ್ಲಿ ಆಡೋದು ಮೂರೇ ಮಾತು. 'ಇನ್ನೊಂದು ದಾಟು, ಇನ್ನೊಂದು ನಾಣ್ಯ.' 'ಕೈ ಇತ್ತ ಕೊಡು.' 'ನದಿಗೆ ಎಲ್ಲಾ ನೆನಪಿರುತ್ತೆ.' ಅಷ್ಟೇ. ಗಂಡ, ಯುದ್ಧ, ಕೈ ಮುಟ್ಟಿ ನೋಡೋದು, ಇದೆಲ್ಲಾ ಆ ಗೇಮಲ್ಲಿ ಇಲ್ವೇ ಇಲ್ಲ. ನೀವೇ ಸೇರಿಸಿದ್ದು."



"ಏನಂದಿ?" ಎಂದರು ಶರಣಪ್ಪ. ಅವರ ಕೈಯ ಸಂದೇಶ ಬಾಯಿಯ ಹತ್ತಿರವೇ ನಿಂತಿತ್ತು. "ಆಕಿಗೆ ಗಂಡನ ಇರಲಿಲ್ಲೇನು? ಮತ್ತ ನಾ ಇಷ್ಟು ವರ್ಷ ಯಾರ ಸಲುವಾಗಿ ಮರಗಿದೆ?"

ಶ್ಯಾಮಸುಂದರರು ಹೆಂಡತಿಯ ಮುಖ ನೋಡಿದರು. ಅವರಿಗೂ ಇದು ಹೊಸದು. ಪೂರ್ವಿ ಮಾತ್ರ ತಲೆ ಎತ್ತಲಿಲ್ಲ. ಪರದೆಯ ಸಾಲುಗಳನ್ನು ಓದುತ್ತಿದ್ದವಳು ಅವಳೇ ಆದ್ದರಿಂದ, ಹದಿನೇಳನೆಯ ವಯಸ್ಸಿನಿಂದ ಅವಳಿಗೆ ಎಲ್ಲ ಗೊತ್ತಿತ್ತು.

ಸುಭದ್ರಾ ಅವರಿಗೆ ಒಂದು ಗಳಿಗೆ ಎದ್ದು ಅಡುಗೆಮನೆಗೆ ಹೋಗಿಬಿಡೋಣ, ಕಾಫಿ ಕೇಳಿದರೆ ಕಾಫಿ ಕೊಟ್ಟು ಕೈ ತೊಳೆದುಕೊಳ್ಳೋಣ ಎನಿಸಿತು. ಇಪ್ಪತ್ತೇಳು ವರ್ಷ ಹಾಗೆಯೇ ಮಾಡಿದ್ದಲ್ಲವೇ? ಆದರೆ ಈಗ ಎದ್ದರೆ ಆ ಕುರ್ಚಿ ಗೋಡೆಯ ಬದಿಯಲ್ಲೇ ಉಳಿಯುತ್ತದೆ ಎಂಬುದೂ ಅವರಿಗೆ ಅಷ್ಟೇ ಸ್ಪಷ್ಟವಾಗಿತ್ತು. ಅವರು ಎದ್ದರು. ನೇರವಾಗಿ ಗೋಡೆಯ ಬದಿಗೆ ಹೋಗಿ, ಬೆತ್ತದ ಕುರ್ಚಿಯನ್ನು ಎರಡು ಕೈಯಿಂದ ಎತ್ತಿ ತಂದು, ಸ್ಪೀಕರನ್ನು ಕಾಲಿನಿಂದ ಸರಿಸಿ, ಟಿವಿಯ ಎಡಮಗ್ಗುಲಿಗೆ ಇಟ್ಟು ಕುಳಿತರು.

"ಹೌದಪ್ಪ, ನಾನೇ ಸೇರಿಸಿದ್ದು. 'ಕೈ ಇತ್ತ ಕೊಡು' ಅಂತ ಅವಳು ಯಾಕಂದಳು? ನಾಣ್ಯ ಬೇಕಿದ್ದರೆ ನಾಣ್ಯ ಕೊಡು ಅನ್ನಬೇಕಿತ್ತು. ಬರೆದವನು ಅಲ್ಲಿ ಜಾಗ ಬಿಟ್ಟಿದ್ದ, ನಾನು ತುಂಬಿದೆ. ಅವನು ಇಟ್ಟ ಒಂದು ಮಾತನ್ನಾದರೂ ನಾನು ತೆಗೆದಿದ್ದರೆ ತೋರಿಸು, ಈ ಕುರ್ಚಿ ನಿನಗೇ ಕೊಡ್ತೀನಿ."

ರಂಜಿತ್ ತಲೆಯಾಡಿಸಿ ಒಪ್ಪಿಕೊಂಡ.

"ಸರಿ ಆಂಟಿ. ಹಾಗಾದ್ರೆ ಇಲ್ಲೂ ಏನಾದ್ರೂ ತುಂಬಿಬಿಡಿ. ಇವಳು ಬೇರೆ ಮಾರಾ, ವೇಷ ಹಾಕ್ಕೊಂಡು ಬಂದವಳು ಅಂತ ಹೇಳಿ. ನಾವು ಹೊಡೆದು ಮುಂದೆ ಹೋಗೋಣ. ಯಾರ ಮನಸ್ಸಿಗೂ ನೋವಿಲ್ಲ."

"ಛಲೋ ಐತಿ," ಎಂದು ಶರಣಪ್ಪ ಆಸೆಯಿಂದ ಮುಂದೆ ಬಾಗಿದರು.

"ಆಗಲ್ಲ," ಎಂದರು ಸುಭದ್ರಾ. "ನಾನೇ ಮಾರಾ, ನಾನೇ ಮಾರಿದೆ ಅಂತ ಅವಳ ಬಾಯಿಂದಲೇ ಹೇಳಿಸಿದಾರೆ. ಇಟ್ಟದ್ದನ್ನ ನಾನು ಕದಿಯೋದಿಲ್ಲ. ಸುಳ್ಳು ಹೇಳಿ ನಿಮ್ಮ ದಾರಿ ಸುಗಮ ಮಾಡೋಕೆ ನಾನು ಈ ಕುರ್ಚೀಲಿ ಕೂತಿಲ್ಲ."

ಅಷ್ಟು ಹೊತ್ತಿಗೆ ಡೇರಿಕ್ ಇನ್ನೊಮ್ಮೆ ಸತ್ತಿದ್ದ. ಸೋತ ಆಟಗಾರನ ಮೇಲೆ ಆಟಕ್ಕೆ ಕರುಣೆ ಬಂದು, ಪರದೆಯ ನಡುವೆ ಒಂದು ಚೌಕ ತೆರೆದುಕೊಂಡಿತು. ಅಂದು ಮೊತ್ತಮೊದಲ ಬಾರಿಗೆ ಅಕ್ಷರಗಳು ನಿಂತು ಕಾದವು. ಪೂರ್ವಿ ಹಳೆಯ ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದಳು. ಸುಭದ್ರಾ ಅರ್ಥ ಹೇಳಿದರು: "ನಿಮಗೆ ಈ ಕಾಳಗ ಕಷ್ಟವಾಗುತ್ತಿರುವಂತಿದೆ. ಇದನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಹೋಗುವಿರಾ?"

"ಸಿಕ್ತಲ್ಲ!" ಎಂದು ರಂಜಿತ್ ಚಪ್ಪಾಳೆ ತಟ್ಟಿದ. "ಹೊಡೆಯೋದೇ ಬೇಡ. ಯೆಸ್ ಒತ್ತು ಪೂರ್ವಿ."

"ಕೆಳಗೆ ಇನ್ನೊಂದು ಲೈನ್ ಇದೆ," ಎಂದಳು ಪೂರ್ವಿ. ಅದನ್ನೂ ಓದಿದಳು.

ಸುಭದ್ರಾ ಆ ಸಾಲಿನ ಅರ್ಥವನ್ನೂ ಹೇಳಿದರು. "ಬಿಟ್ಟು ಹೋದರೆ ಎದುರಾಳಿ ಸತ್ತಂತೆ ಎಣಿಸಲಾಗುವುದು, ಅಂತ ಬರೆದಿದೆ." ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. "ಅಂದ್ರೆ ನೋಡಿ, ನಾವು ಕೊಲ್ಲೋದಿಲ್ಲ ಅಂದರೂ ಬಿಡೋರಲ್ಲ. ಇವರೇ ಕೊಂದು ನಮ್ಮ ಹೆಸರಲ್ಲಿ ಬರ್ಕೊಳ್ತಾರಂತೆ."

"ಆಂಟಿ, ಅದು ಬರೀ ಗೇಮು."

"ಬರೀ ಗೇಮ್ ಆಗಿದ್ದರೆ ನೀನು ಸಂದೇಶ ಕಟ್ಟಿಸ್ಕೊಂಡು ಬರ್ತಿದ್ಯಾ?"

ಶ್ಯಾಮಸುಂದರರು ಗಂಟಲು ಸರಿಮಾಡಿಕೊಂಡರು. "ಈಗ ಏನು ಮಾಡೋದು ಸುಭದ್ರಾ? ಕದಿಯೋ ಹಾಗಿಲ್ಲ, ಕೊಲ್ಲೋ ಹಾಗಿಲ್ಲ. ಲೈನು ಎರಡೂ ಕಡೆ ಕೆಂಪು."

ಆಗ ಸುಭದ್ರಾ ರಂಜಿತನನ್ನು ಒಂದು ಪ್ರಶ್ನೆ ಕೇಳಿದರು: "ಇದನ್ನ ಬರೆದವರು ಮೊದಲಿನವರೇನಾ?"

ರಂಜಿತ್ ಸತ್ಯವಂತ. "ಅಲ್ಲ," ಎಂದ. "ಮೊದಲನೇದನ್ನ ಬರೆದವರೆಲ್ಲ ಕಂಪನಿ ಬಿಟ್ಟು ಹೋದ್ರಂತೆ. ಇದು ಬೇರೆ ಟೀಮು."

"ಅಂದ್ರೆ ಕೈ ಬೇರೆ."

"ಕೈ ಬೇರೆ."

ಕೃಷ್ಣರಾಜನಗರದಲ್ಲಿ ನರಹರಿಗಳಿಗೆ ಒಂದು ಪದ್ಧತಿಯಿತ್ತು. ಹಳೆಯ ಕಾವ್ಯಗಳಲ್ಲಿ ಮೂಲಕವಿ ಬರೆಯದ, ನಂತರದವರು ಯಾರೋ ನಡುವೆ ತುರುಕಿದ ಪದ್ಯಗಳಿರುತ್ತವೆ. ಅವಕ್ಕೆ ಪ್ರಕ್ಷಿಪ್ತ ಎಂದು ಹೆಸರು. ವಾಚನದ ಮಧ್ಯೆ ಅಂಥದು ಎದುರಾದರೆ ನರಹರಿಗಳು ರಾಗವನ್ನು ಅಲ್ಲಿಗೇ ತುಂಡರಿಸಿ, ಪುಸ್ತಕವನ್ನು ಮುಚ್ಚಿ, ಕನ್ನಡಕ ತೆಗೆದು, ಸಭೆಗೆ ಒಂದೇ ಪದ ಹೇಳುತ್ತಿದ್ದರು. ಜಾತ್ರೆಯ ಸಭೆಯಾಗಲಿ, ಜಿಲ್ಲಾಧಿಕಾರಿಗಳು ಕುಳಿತ ಸಭೆಯಾಗಲಿ, ಆ ಪದಕ್ಕೆ ಮೇಲ್ಮನವಿ ಇರಲಿಲ್ಲ.

ಸುಭದ್ರಾ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಪ್ರಕ್ಷಿಪ್ತ," ಎಂದರು.

"ಅಂದ್ರೆ?" ಎಂದ ರಂಜಿತ್.

"ಇದು ನಮ್ಮ ಕಥೆ ಅಲ್ಲ ಅಂತ. ಬೇರೆಯವರು ತಂದು ಸೇರಿಸಿದ್ದು. ಓದೋದು ಬೇಡ, ಅರ್ಥ ಹೇಳೋದೂ ಬೇಡ."

"ಆಂಟಿ, ಇದು ಅಫೀಶಿಯಲ್ ಸೀಕ್ವೆಲ್. ಕಂಪನಿಯೇ ಮಾಡಿದ್ದು. ಲಕ್ಷಗಟ್ಟಲೆ ಜನ ಆಡ್ತಿದಾರೆ. ನೀವೊಬ್ರು ಲೇಕ್ ಗಾರ್ಡನ್ಸ್‌ನಲ್ಲಿ ಕೂತ್ಕೊಂಡು ಅಲ್ಲ ಅಂದ್ರೆ ಅಲ್ಲ ಆಗ್ಬಿಡುತ್ತಾ?"

"ಈ ಹಾಲಿನಲ್ಲಿ ಆಗುತ್ತೆ," ಎಂದರು ಸುಭದ್ರಾ. "ಕಂಪನಿಗೆ ಹೆಸರಿನ ಹಕ್ಕು ಇರಬಹುದು. ಮಾರವ್ವನ್ನ ಒಂಬತ್ತು ವರ್ಷ ಸಾಕಿದವರು ನಾವು. ಲಕ್ಷ ಜನ ಕೊಂದರೂ ನನ್ನ ಲೆಕ್ಕದಲ್ಲಿ ಅವಳು ಬದುಕಿದಾಳೆ. ಇವತ್ತೂ ಕಡವಿನಲ್ಲೇ ಕೂತಿದಾಳೆ."

ರಂಜಿತನ ದನಿ ಏರಿತು. "ಹಾಗಾದ್ರೆ ಹೊಸದೇನೂ ಬೇಡ್ವಾ ನಿಮಗೆ? ಹಳೇದನ್ನೇ ತಿರುಗಿಸ್ತಾ ಇರೋದಾ? ಪೂರ್ವಿ, ನೀನಾದ್ರೂ ಹೇಳು. ಆಡ್ತಿರೋಳು ನೀನು. ಒತ್ತು ಯೆಸ್."

ಎಲ್ಲರ ಕಣ್ಣೂ ಪೂರ್ವಿಯ ಹೆಬ್ಬೆರಳಿನ ಮೇಲೆ ನೆಟ್ಟಿತು. ಸುಭದ್ರಾ ಮಗಳಿಗೆ ಅಪ್ಪಣೆ ಕೊಡಲಿಲ್ಲ. ಕೊಟ್ಟಿದ್ದರೆ ಅವಳು ಪಾಲಿಸುತ್ತಿದ್ದಳು. ಅಪ್ಪಣೆಯಿಂದ ಉಳಿದ ಕುರ್ಚಿ ಅವರಿಗೆ ಬೇಕಾಗಿರಲಿಲ್ಲ.

"ಒತ್ತೋದಾದರೆ ಒತ್ತು ಮಗಳೇ," ಎಂದರು. "ನಾನು ಕೋಪ ಮಾಡ್ಕೊಳಲ್ಲ. ಆದರೆ ಅರ್ಥ ಹೇಳೋಕೆ ಇನ್ನು ಕೂರಲ್ಲ."

ಪೂರ್ವಿ ಕಲ್ಕತ್ತೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅವಳಿಗೆ ಕಿವಿಯಲ್ಲಿ ಸಲೀಸು, ನಾಲಗೆಯಲ್ಲಿ ತೊಡಕು. ಬೇಕಾದ ಮಾತು ಸಿಗದೆ ತಡಕಾಡಿ, ಹಿಂದಿಗೆ ಹಾರಿ, ಮತ್ತೆ ಮರಳುವುದು ಅವಳ ರೂಢಿ.

"ರಂಜಿತ್, ದೇಖೋ," ಎಂದಳು. "ಇಂಗ್ಲಿಷ್ ನನಗೆ ಅಮ್ಮಂಗಿಂತ ಚೆನ್ನಾಗಿ ಬರುತ್ತೆ. ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುತ್ತೆ. ಈ ಗೇಮಲ್ಲಿ ಒಂದೊಂದು ವರ್ಡೂ ನನಗೆ ಕೇಳಿಸ್ತು. ಪರ್, ಏನೂ ಆಗ್ಲಿಲ್ಲ ನನಗೆ. ಅಮ್ಮ ಹೇಳಿದ್ಮೇಲೇನೇ ಅದು… ಅದು ನಡೆದ ಹಾಗೆ ಆಗೋದು. ಮೊದಲಿಂದಾನೂ ಹಾಗೇನೇ." ಅವಳು ಕೈಯಂತ್ರವನ್ನು ಚಾಪೆಯ ಮೇಲಿಟ್ಟಳು. "ಆ ಹಸ್ಬೆಂಡ್ ಕಥೆ ಇಲ್ಲ ಅಂತ ನನಗೆ ಕ್ಲಾಸ್ ಟ್ವೆಲ್ವ್‌ನಲ್ಲೇ ಗೊತ್ತಿತ್ತು. ಅದಕ್ಕೇ ಪ್ರತೀ ಸಲ ಮಾರವ್ವನ ಹತ್ರ ಹೋಗೋಕೆ ಮುಂಚೆ ನಿಧಾನ ಮಾಡ್ತಿದ್ದೆ. ಅಮ್ಮ ಈ ಸಲ ಏನು ಹೇಳ್ತಾಳೆ ಅಂತ."

ಹೇಳಿ, ಅವಳು ಎದ್ದುಹೋಗಿ ಯಂತ್ರದ ಗುಂಡಿ ಒತ್ತಿದಳು. ತಟ್ಟೆ ಸುಯ್ಯೆಂದು ಹೊರಗೆ ಬಂತು. ಅದನ್ನು ಅಂಚಿನಿಂದ ಹಿಡಿದು, ಪೆಟ್ಟಿಗೆಗೆ ಹಾಕಿ, ಎರಡೂ ಕೈಗಳಿಂದ ರಂಜಿತನಿಗೆ ಕೊಟ್ಟಳು.

ರಂಜಿತ್ ಪೆಟ್ಟಿಗೆ ತೆಗೆದುಕೊಂಡ. "ಆಯ್ತು," ಎಂದ. "ನಾನೊಬ್ಬನೇ ಮುಗಿಸ್ತೀನಿ. ಮುಂದೆ ಎಷ್ಟು ಚೆನ್ನಾಗಿರುತ್ತೋ ನಿಮಗೇನ್ ಗೊತ್ತು?" ಚಪ್ಪಲಿ ಮೆಟ್ಟಿಕೊಂಡು ಹೊರಟ. ಸ್ಪೀಕರುಗಳನ್ನು ಮರೆತ.

"ಸಂದೇಶನಾದ್ರೂ ತಿಂದು ಹೋಗೋ," ಎಂದು ಶ್ಯಾಮಸುಂದರರು ಬಾಗಿಲವರೆಗೆ ಹೋದರು. ಅವನು ಮೆಟ್ಟಿಲಿಳಿದಾಗಿತ್ತು.

ಶರಣಪ್ಪ ಬೆತ್ತದ ಕುರ್ಚಿಯ ಕಡೆ ತಿರುಗಿದರು. "ಅಕ್ಕಾರ, ಒಂದು ಕೇಳ್ತೀನಿ, ಖರೇ ಹೇಳ್ರಿ. ಆಕಿ ಗಂಡ ಬರ್ತಾನೋ ಇಲ್ಲೋ?"

"ಬರೆದವನು ಹೇಳಿಲ್ಲ ಶರಣಪ್ಪನವರೇ."

"ಹಂಗಂದ್ರ ಇನ್ನೂ ಜಾಗಾ ಐತಿ."

"ಇದೆ," ಎಂದರು ಸುಭದ್ರಾ. ಕನ್ನಡಕ ಹಾಕಿಕೊಂಡರು. "ಪೂರ್ವಿ, ಹಳೇದನ್ನ ಹಾಕು. ಮೊದಲಿಂದ."

ನಂತರ ನಡೆದದ್ದು ಇಷ್ಟು.

ರಂಜಿತ್ ಡಿಸೆಂಬರ್ ೧ರ ಭಾನುವಾರ ಬರಲಿಲ್ಲ, ೮ರಂದೂ ಬರಲಿಲ್ಲ. ೧೫ರಂದು ಬಂದ. ಎರಡನೆಯ ಭಾಗವನ್ನು ಒಬ್ಬನೇ ಕೂತು ಕೊನೆಯವರೆಗೂ ಮುಗಿಸಿದ್ದ. "ಚೆನ್ನಾಗಿಲ್ಲ ಆಂಟಿ," ಎಂದಷ್ಟೇ ಹೇಳಿದ. "ಊಟ ಆಯ್ತಾ?" ಎಂದು ಸುಭದ್ರಾ ಕೇಳಿದರು. ಆಗಿರಲಿಲ್ಲ. ಸ್ಪೀಕರುಗಳನ್ನು ಅವನು ಅಂದು ಒಯ್ದ.

೨೦೨೫ರ ಜನವರಿ ೨೯ರಂದು ಸುಭದ್ರಾ ಅವರ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಪರದೆ ನೋಡಬಾರದೆಂದು ವೈದ್ಯರು ವಿಧಿಸಿದ್ದರಿಂದ ಫೆಬ್ರವರಿ ೨ರ ಭಾನುವಾರ, ಪಾಡಾದ, ಎಂದರೆ ಕೇರಿಯ, ಸರಸ್ವತಿ ಪೂಜೆಯ ಧ್ವನಿವರ್ಧಕಗಳ ನಡುವೆ, ರಂಜಿತ್ ಕೈಯಂತ್ರ ಹಿಡಿದು ಓದಿದ, ಪೂರ್ವಿ ಬೆತ್ತದ ಕುರ್ಚಿಯಲ್ಲಿ ಕುಳಿತು ತನಗೆ ಬಂದ ಕನ್ನಡದಲ್ಲಿ ಅರ್ಥ ಹೇಳಿದಳು. ಮಾರವ್ವನಿಗೆ ಅವಳು ಒಬ್ಬ ಮಗಳನ್ನು ಕೊಟ್ಟಳು. ಕಪ್ಪು ಕನ್ನಡಕ ಹಾಕಿ ಸೋಫಾದಲ್ಲಿ ಒರಗಿದ್ದ ಸುಭದ್ರಾ ಪೂರ್ತಿ ಕೇಳಿ, "ಬಿಟ್ಟ ಜಾಗವೇ. ಇರಲಿ," ಎಂದರು. ಎರಡು ವ್ಯಾಕರಣದೋಷಗಳನ್ನು ಆಮೇಲೆ ತಿದ್ದಿದರು.

ಏಳನೆಯ ಗೋಪುರದಲ್ಲಿ ದೀಪ ಹತ್ತಿದ್ದು ೨೦೨೫ರ ಆಗಸ್ಟ್ ೩, ಭಾನುವಾರ. ಅಂದು ಮಳೆ. ಶರಣಪ್ಪನವರ ಲಾಂಚ್ ತಡವಾದ್ದರಿಂದ ಅವರು ಬರುವವರೆಗೂ ಆಟವನ್ನು ಕಡವಿನಲ್ಲೇ ನಿಲ್ಲಿಸಿಡಲಾಗಿತ್ತು. ಎರಡನೆಯ ಭಾಗದ ತಟ್ಟೆ ರಂಜಿತನ ಬಳಿ ಇದೆ. ಅದನ್ನು ಆ ಮನೆಗೆ ಯಾರೂ ಮತ್ತೆ ತಂದಿಲ್ಲ.